ಒಂದು ಸರೋವರ, ಆರು ಪುಟ್ಟ ಪದ: ಸ್ಲೊವೇನಿಯನ್ ಸಪ್ತಮಿಯ ಪರಿಚಯ

ಸ್ಲೊವೇನಿಯಾದ ಬ್ಲೆಡ್ ಊರಿನ ಸರೋವರದ ಫೋಟೋವನ್ನು ನೀವು ಎಲ್ಲಾದರೂ ನೋಡಿರಬಹುದು. ನೀರಿನ ನಡುವೆ ಪುಟ್ಟ ದ್ವೀಪ, ಅದರಲ್ಲೊಂದು ಚರ್ಚು, ದಡದ ಬಂಡೆಯ ತುದಿಯಲ್ಲಿ ಕೋಟೆ. ಸರೋವರಕ್ಕೆ ಅಲ್ಲಿನವರು ‘ಯೇಜೆರೊ’ ಅನ್ನುತ್ತಾರೆ. ಈಗ ಈ ಪದ ಏನೇನು ಕೆಲಸ ಮಾಡುತ್ತದೆ ನೋಡಿ.

ಮೀನು ಇರುವುದು ‘ವ್ ಯೇಜೆರು’, ಅಂದರೆ ಸರೋವರದೊಳಗೆ. ದೋಣಿ ನಿಂತಿರುವುದು ‘ನಾ ಯೇಜೆರು’, ಸರೋವರದ ಮೇಲೆ. ಹೋಟೆಲ್ ಇರುವುದು ‘ಒಬ್ ಯೇಜೆರು’, ಸರೋವರದ ದಂಡೆಯಲ್ಲಿ. ದೋಣಿ ಹೊರಟಿತು ಅನ್ನಿ, ಆಗ ಅದು ‘ಪೊ ಯೇಜೆರು’, ಸರೋವರದ ತುಂಬ ಓಡಾಡುತ್ತದೆ. ಯಾರನ್ನಾದರೂ ದಾರಿ ಕೇಳಿದರೆ ‘ಪ್ರಿ ಯೇಜೆರು’ ಎಡಕ್ಕೆ ತಿರುಗಿ ಅನ್ನುತ್ತಾರೆ, ಸರೋವರದ ಹತ್ತಿರ. ಸಂಜೆ ಊಟಕ್ಕೆ ಕೂತಾಗ ಮಾತು ನಡೆಯುವುದು ‘ಒ ಯೇಜೆರು’, ಸರೋವರದ ಬಗ್ಗೆ.

ಮುಂದೆ ಬಂದ ಪುಟ್ಟ ಪದ ಆರು ಸಲ ಬದಲಾಯಿತು. ಆದರೆ ‘ಯೇಜೆರೊ’ ಮಾತ್ರ ಆರು ಸಲವೂ ‘ಯೇಜೆರು’ ಆಗಿಯೇ ಬಂತು. ಸ್ಲೊವೇನಿಯನ್‌ನ ಸಪ್ತಮಿ ಅಂದರೆ ಇದೇ. ಆರು ಪದಗಳಲ್ಲಿ ಒಂದು ಮುಂದೆ ಬರಬೇಕು, ನಾಮಪದದ ಬಾಲ ಸ್ವಲ್ಪ ಬದಲಾಗಬೇಕು. ಎರಡೂ ಬೇಕು. ಒಂದನ್ನು ಬಿಟ್ಟು ಇನ್ನೊಂದು ನಿಲ್ಲುವುದಿಲ್ಲ.

ಓದುವಾಗ ಒಂದು ಸಣ್ಣ ಹೊಂದಾಣಿಕೆ ಮಾಡಿಕೊಳ್ಳಿ. ಇಲ್ಲಿ ‘ವ್’ ಅಂತ ಬರೆದಿರುವ ಪದವನ್ನು ವ್ಯಂಜನದ ಮುಂದೆ ಅವರು ಹೆಚ್ಚುಕಡಿಮೆ ‘ಉ’ ಅಂತಲೇ ಹೇಳುತ್ತಾರೆ. ‘ವ್ ಯೇಜೆರು’ ಕಿವಿಗೆ ಬೀಳುವುದು ‘ಉ ಯೇಜೆರು’ ಥರ. ಸ್ಲೊವೇನಿಯನ್ ಪದಗಳಲ್ಲಿ ಬರುವ ‘ಜ’ವನ್ನು ‘ಜೀರೋ’, ‘ಜೂ’ ಅನ್ನುವಾಗಿನ ಹಾಗೆ ಓದಿ.

ಈ ಭಾಷೆ ಆಡುವವರು ಸುಮಾರು 25 ಲಕ್ಷ ಜನ. 2004ರಿಂದ ಯುರೋಪಿಯನ್ ಒಕ್ಕೂಟದ ಅಧಿಕೃತ ಭಾಷೆಗಳಲ್ಲಿ ಇದೂ ಒಂದು. ಓದಲು ಅಥವಾ ಕೆಲಸಕ್ಕೆ ಅಲ್ಲಿಗೆ ಹೋದವರಿಗೆ ಮೊದಲ ವಾರದಲ್ಲೇ ಬೇಕಾಗುವ ಮಾತು ‘ಎಲ್ಲಿದ್ದೀರಿ, ಎಲ್ಲಿ ವಾಸ, ಎಲ್ಲಿ ಕೆಲಸ’. ಅದಕ್ಕೆಲ್ಲ ಉತ್ತರ ಸಪ್ತಮಿಯಲ್ಲೇ.

ಅಲ್ಲಿ = ಸಪ್ತಮಿ ಅನ್ನೋ ಲೆಕ್ಕ ಬಿಡಿ

ಸ್ಲೊವೇನಿಯನ್‌ನಲ್ಲಿ ಆರು ವಿಭಕ್ತಿಗಳಿವೆ. ಶಾಲೆಯ ಕೋಷ್ಟಕದಲ್ಲಿ ನಮ್ಮ ಸಪ್ತಮಿಗೆ ಐದನೇ ಜಾಗ, ಹೆಸರು ‘ಮೇಸ್ತ್‌ನಿಕ್’. ಅಲ್ಲಿನ ಮಕ್ಕಳು ಅದನ್ನು ಗುರುತಿಸಲು ಕೇಳಿಕೊಳ್ಳುವ ಪ್ರಶ್ನೆ ‘ಪ್ರಿ ಕೊಮ್? ಪ್ರಿ ಚೆಮ್?’. ಯಾರ ಹತ್ತಿರ, ಯಾವುದರ ಹತ್ತಿರ ಅಂತ. ಪ್ರಶ್ನೆಯಲ್ಲೇ ‘ಪ್ರಿ’ ಸೇರಿಕೊಂಡಿದೆ ನೋಡಿ. ಮುಂದೆ ಪದ ಇಲ್ಲದೆ ಈ ವಿಭಕ್ತಿಗೆ ಪ್ರಶ್ನೆ ಕೇಳೋಕೂ ಆಗುವುದಿಲ್ಲ.

ಕನ್ನಡದವರಿಗೆ ಸಪ್ತಮಿ ಅಂದ ತಕ್ಷಣ ‘ಅಲ್ಲಿ’ ನೆನಪಾಗುತ್ತದೆ. ಆದರೆ ಮೇಲಿನ ಆರು ವಾಕ್ಯಗಳನ್ನು ಮತ್ತೆ ನೋಡಿ. ಕನ್ನಡದಲ್ಲಿ ಒಳಗೆ, ಮೇಲೆ, ದಂಡೆಯಲ್ಲಿ, ತುಂಬ, ಹತ್ತಿರ, ಬಗ್ಗೆ ಅಂತ ಆರು ದಾರಿ ಹಿಡಿದೆವು. ಅವರು ಆರಕ್ಕೂ ಒಂದೇ ರೂಪ ಬಳಸಿದರು. ನಾವು ‘ಗೆ’ ಹಾಕುವ ಕಡೆಯೂ ಅವರಿಗೆ ಸಪ್ತಮಿ ಬರುವುದುಂಟು. ಐದು ಗಂಟೆಗೆ ಅನ್ನೋದು ‘ಒಬ್ ಪೇತಿಹ್’. ಊಟ ಆದ ಮೇಲೆ ಅನ್ನೋದು ‘ಪೊ ಕೊಸೀಲು’.

ಉಲ್ಟಾನೂ ಇದೆ. ‘ಬಸ್ಸಿನಲ್ಲಿ ಬಂದೆ’ ಅಂದಾಗ ನಮ್ಮದು ಸಪ್ತಮಿ, ಅವರದು ತೃತೀಯೆ. ಬಸ್ಸು ಅವರಿಗೆ ಬರಲು ಬಳಸಿದ ಸಾಧನ, ಇದ್ದ ಜಾಗ ಅಲ್ಲ. ಹಾಗಾಗಿ ಕನ್ನಡದ ಪ್ರತ್ಯಯವನ್ನು ಸ್ಲೊವೇನಿಯನ್ ಬಾಲಕ್ಕೆ ನೇರವಾಗಿ ಜೋಡಿಸಿ ಅನುವಾದ ಮಾಡೋಕೆ ಹೋದರೆ ಎಡವುತ್ತೀರಿ. ಆರು ಪದಗಳನ್ನೇ ಬಾಯಿಪಾಠ ಮಾಡಿ: ವ್, ನಾ, ಒ, ಒಬ್, ಪೊ, ಪ್ರಿ. ಇವುಗಳಲ್ಲಿ ಒಂದು ಕಂಡರೆ ಸಪ್ತಮಿ ಇರಬಹುದು. ಒಂದೂ ಕಾಣದಿದ್ದರೆ ಅದು ಸಪ್ತಮಿ ಅಲ್ಲವೇ ಅಲ್ಲ.

‘ಇರಬಹುದು’ ಅಂದದ್ದು ಯಾಕೆ? ಅದಕ್ಕೆ ಆಮೇಲೆ ಬರೋಣ. ಮೊದಲು ಬಾಲಗಳನ್ನು ಮುಗಿಸಿಬಿಡೋಣ, ಅದು ಸುಲಭದ ಕೆಲಸ.

ನಕ್ಷೆಯೇ ಪಠ್ಯಪುಸ್ತಕ

ಸ್ಲೊವೇನಿಯಾದ ನಕ್ಷೆ ಒಂದನ್ನು ಮುಂದೆ ಇಟ್ಟುಕೊಳ್ಳಿ. ಊರುಗಳ ಹೆಸರಲ್ಲೇ ಎಲ್ಲ ಬಾಲಗಳೂ ಸಿಗುತ್ತವೆ. ಕೋಷ್ಟಕಕ್ಕಿಂತ ಇದು ವಾಸಿ, ಯಾಕೆಂದರೆ ಈ ಹೆಸರುಗಳು ದಿನಾ ಬೇಕಾಗುತ್ತವೆ.

ರಾಜಧಾನಿ ಲ್ಯುಬ್ಲ್ಯಾನ. ‘ಅ’ದಲ್ಲಿ ಕೊನೆಯಾಗುತ್ತದೆ, ಸ್ತ್ರೀಲಿಂಗ. ಸಪ್ತಮಿಯಲ್ಲಿ ‘ಅ’ ಹೋಗಿ ‘ಇ’ ಬರುತ್ತದೆ: ವ್ ಲ್ಯುಬ್ಲ್ಯಾನಿ. ಶೋಲ ಅಂದರೆ ಶಾಲೆ, ವ್ ಶೋಲಿ. ಹೀಶ ಅಂದರೆ ಮನೆ, ವ್ ಹೀಶಿ. ಮೀಜ ಅಂದರೆ ಮೇಜು, ನಾ ಮೀಜಿ. ನಮ್ಮ ದೇಶಕ್ಕೂ ಇದೇ ನಿಯಮ. ಅವರ ಬಾಯಲ್ಲಿ ಅದು ‘ಇಂದಿಯ’, ಹಾಗಾಗಿ ವ್ ಇಂದಿಯಿ. ಕರ್ನಾಟಕವೂ ‘ಅ’ದಲ್ಲೇ ಕೊನೆಯಾಗುವುದರಿಂದ ಸುಮ್ನೆ ಸ್ತ್ರೀಲಿಂಗದ ಸಾಲಿಗೆ ಸೇರುತ್ತದೆ. ‘ಸ್ತಾರ್ಶಿ ಝಿವೀಯೊ ವ್ ಕರ್ನಾತಕಿ’ ಅಂದರೆ ಅಪ್ಪ ಅಮ್ಮ ಕರ್ನಾಟಕದಲ್ಲಿದ್ದಾರೆ.

ಎರಡನೇ ದೊಡ್ಡ ಊರು ಮಾರಿಬೊರ್. ವ್ಯಂಜನದಲ್ಲಿ ಕೊನೆಯಾಗುತ್ತದೆ, ಪುಲ್ಲಿಂಗ. ಅದಕ್ಕೆ ‘ಉ’ ಸೇರಿಸಿ: ವ್ ಮಾರಿಬೊರು. ಕ್ರಾನ್ಯ್ ಊರು ವ್ ಕ್ರಾನ್ಯು ಆಗುತ್ತದೆ, ಪಿರಾನ್ ಊರು ವ್ ಪಿರಾನು. ನಪುಂಸಕಲಿಂಗಕ್ಕೂ ‘ಉ’ನೇ. ತ್ಸೇಲ್ಯೆ ಅನ್ನೋ ಊರು ವ್ ತ್ಸೇಲ್ಯು. ಸಮುದ್ರಕ್ಕೆ ಮೋರ್ಯೆ, ನಾ ಮೋರ್ಯು. ನಗರಕ್ಕೆ ಮೇಸ್ತೊ, ವ್ ಮೇಸ್ತು.

ಬಂದರು ಇರುವ ಊರು ಕೋಪೆರ್. ಇದರಲ್ಲಿ ಒಂದು ಸಣ್ಣ ಆಟ ಇದೆ. ‘ಕೋಪೆರು’ ಅಲ್ಲ, ‘ಕೋಪ್ರು’. ಕೊನೆಯ ಎರಡು ವ್ಯಂಜನಗಳ ನಡುವೆ ಸಿಕ್ಕಿಕೊಂಡಿದ್ದ ‘ಎ’, ಬಾಲ ಬಂದ ಕೂಡಲೇ ಜಾಗ ಬಿಡುತ್ತದೆ. ತ್ಸೇಂತೆರ್ ಅಂದರೆ ಊರಿನ ಮಧ್ಯಭಾಗ, ವ್ ತ್ಸೇಂತ್ರು. ಇದು ಸಪ್ತಮಿಗೆ ಮಾತ್ರ ಸೀಮಿತ ಅಲ್ಲ, ಎಲ್ಲ ವಿಭಕ್ತಿಗಳಲ್ಲೂ ಹೀಗೇ. ಒಂದು ಸಲ ಕಲಿತರೆ ಸಾಕು.

ಹಳ್ಳಿಗೆ ವಾಸ್ ಅನ್ನುತ್ತಾರೆ. ವ್ಯಂಜನದಲ್ಲಿ ಮುಗಿದರೂ ಅದು ಸ್ತ್ರೀಲಿಂಗ. ಹಾಗಾಗಿ ‘ಇ’ ಬರುತ್ತದೆ: ವ್ ವಾಸಿ. ದಾರಿಗೆ ಪೋತ್, ನಾ ಪೋತಿ. ಈ ‘ನಾ ಪೋತಿ’ಯನ್ನು ಈಗಲೇ ಇಟ್ಟುಕೊಳ್ಳಿ, ತುಂಬ ಉಪಯೋಗಕ್ಕೆ ಬರುತ್ತದೆ. ‘ಸಮ್ ನಾ ಪೋತಿ’ ಅಂದರೆ ದಾರಿಯಲ್ಲಿದ್ದೀನಿ. ಮನೆಯಿಂದ ಇನ್ನೂ ಹೊರಟೇ ಇಲ್ಲದವರು ಫೋನಿನಲ್ಲಿ ಹೇಳುವ ಮಾತು ಅಲ್ಲೂ ಇದೇ ಇರಬೇಕು.

ಇನ್ನು ಬಹುವಚನದ ಊರುಗಳು. ಉಕ್ಕಿನ ಕಾರ್ಖಾನೆಗೆ ಹೆಸರಾದ ಯೆಸೆನೀತ್ಸೆ ವ್ಯಾಕರಣದ ಪ್ರಕಾರ ಬಹುವಚನ. ಸ್ತ್ರೀಲಿಂಗ ಬಹುವಚನಕ್ಕೆ ‘ಅಹ್’ ಬಾಲ: ನಾ ಯೆಸೆನೀತ್ಸಹ್. ಪಕ್ಕದ ಇಟಲಿಯ ವೆನಿಸ್ಸನ್ನು ಸ್ಲೊವೇನಿಯನ್ನರು ‘ಬೆನೇತ್ಕೆ’ ಅನ್ನುತ್ತಾರೆ, ವ್ ಬೆನೇತ್ಕಹ್. ಗೋರೆ ಅಂದರೆ ಬೆಟ್ಟಗಳು, ವ್ ಗೋರಹ್. ಪುಲ್ಲಿಂಗ ಮತ್ತು ನಪುಂಸಕಕ್ಕೆ ‘ಇಹ್’: ವ್ ಮೇಸ್ತಿಹ್, ನಗರಗಳಲ್ಲಿ.

ವಿಶೇಷಣ ಬಂದರೆ ಅದರ ಬಾಲವೂ ಬದಲಾಗಬೇಕು. ಇದಕ್ಕೂ ನಕ್ಷೆ ಸಾಕು. ನೋವೊ ಮೇಸ್ತೊ ಅಂದರೆ ಹೊಸ ಊರು. ಹೊಸದು ಅಂತ ಹೆಸರಷ್ಟೇ, ಹುಟ್ಟಿದ್ದು 1365ರಲ್ಲಿ. ಅದು ವ್ ನೋವೆಮ್ ಮೇಸ್ತು ಆಗುತ್ತದೆ. ಪುಲ್ಲಿಂಗ, ನಪುಂಸಕದ ವಿಶೇಷಣಕ್ಕೆ ‘ಎಮ್’. ನಿಜಕ್ಕೂ ಹೊಸದು ನೋವ ಗೊರೀತ್ಸ. ಎರಡನೇ ಮಹಾಯುದ್ಧದ ನಂತರ ಗಡಿ ಎಳೆದಾಗ ಹಳೆಯ ಗೊರಿಜಿಯಾ ಇಟಲಿಗೆ ಹೋಯಿತು, ಈ ಕಡೆ ಹೊಸ ಊರು ಕಟ್ಟಿದರು. 2025ರಲ್ಲಿ ಎರಡೂ ಊರು ಸೇರಿ ಯುರೋಪಿನ ಸಾಂಸ್ಕೃತಿಕ ರಾಜಧಾನಿ ಆಗಿದ್ದವು. ನೋವ ಗೊರೀತ್ಸ ಸ್ತ್ರೀಲಿಂಗ, ಹಾಗಾಗಿ ಎರಡು ಪದಕ್ಕೂ ‘ಇ’: ವ್ ನೋವಿ ಗೊರೀತ್ಸಿ. ಮುರ್ಸ್ಕ ಸೊಬೋತ ಇದ್ದದ್ದು ವ್ ಮುರ್ಸ್ಕಿ ಸೊಬೋತಿ. ಬಹುವಚನದಲ್ಲಿ ವಿಶೇಷಣಕ್ಕೆ ಲಿಂಗಭೇದವೇ ಇಲ್ಲ, ಎಲ್ಲದಕ್ಕೂ ‘ಇಹ್’.

ಬಾಲಗಳ ಕಥೆ ಇಷ್ಟೇ. ಉ, ಇ, ಅಹ್, ಇಹ್, ಎಮ್. ಬೇರೆ ವಿಭಕ್ತಿಗಳನ್ನು ನೋಡಿದವರಿಗೆ ಇದು ಎಷ್ಟು ಕಡಿಮೆ ಅಂತ ಗೊತ್ತಾಗುತ್ತದೆ. ಅಪವಾದಗಳು ಕೆಲವಿವೆ. ಕೊಲೋ ಅಂದರೆ ಸೈಕಲ್ಲು, ಅದು ನಾ ಕೊಲೇಸು. ಇಮೇ ಅಂದರೆ ಹೆಸರು, ಅದು ವ್ ಇಮೇನು. ಇಂಥವನ್ನು ಸಿಕ್ಕಾಗ ಕಲಿತರಾಯಿತು.

ದ್ವಿವಚನದ ಬಗ್ಗೆ ಒಂದು ಮಾತು. ಸ್ಲೊವೇನಿಯನ್‌ನಲ್ಲಿ ದ್ವಿವಚನ ಇನ್ನೂ ಜೀವಂತ ಇದೆ, ಹೊಸಬರು ಅದಕ್ಕೇ ಜಾಸ್ತಿ ಹೆದರುವುದು. ಸಪ್ತಮಿಯಲ್ಲಿ ಆ ಭಯ ಬೇಡ. ನಾಮಪದದ ದ್ವಿವಚನ ರೂಪ ಬಹುವಚನದ್ದೇ. ‘ವ್ ದ್ವೇಹ್ ಹೀಶಹ್’ ಅಂದರೆ ಎರಡು ಮನೆಗಳಲ್ಲಿ, ಹತ್ತು ಮನೆಗಳಾದರೂ ಅದೇ ‘ಹೀಶಹ್’. ಹೈಸ್ಕೂಲಿನಲ್ಲಿ ಸಂಸ್ಕೃತ ತಗೊಂಡವರಿಗೆ ಇಲ್ಲೊಂದು ಹಳೆಯ ಪರಿಚಯ ಸಿಗುತ್ತದೆ. ‘ಲತಾಯಾಂ, ಲತಯೋಃ, ಲತಾಸು’ ಅಂತ ರಾಗವಾಗಿ ಹೇಳಿದ್ದು ನೆನಪಿದೆಯಾ? ಆ ‘ಆಸು’ ಮತ್ತು ಈ ‘ಅಹ್’ ಒಂದೇ ಮೂಲದವು. ಸ್ಲಾವಿಕ್ ಭಾಷೆಗಳಲ್ಲಿ ಹಳೆಯ ‘ಸ’ ಇಂಥ ಕಡೆ ‘ಹ’ ಆಯಿತು, ಕೊನೆಯ ಸ್ವರ ಉದುರಿತು. ‘ವನೇಷು’ವಿನ ‘ಏಷು’ ‘ಇಹ್’ಗೆ ನೆಂಟ. ಕನ್ನಡದ ಕಡೆಯಿಂದ ಏನೂ ಸಹಾಯ ಸಿಗದ ಜಾಗದಲ್ಲಿ ಸಂಸ್ಕೃತ ಮೇಷ್ಟರು ನೆರವಿಗೆ ಬರುತ್ತಾರೆ.

ಎಲ್ಲಿ? ಎಲ್ಲಿಗೆ?

ಈಗ ಆ ‘ಇರಬಹುದು’ಗೆ ಬರೋಣ. ವ್ ಮತ್ತು ನಾ ಎರಡು ವಿಭಕ್ತಿಗಳ ಜೊತೆ ಹೋಗುತ್ತವೆ. ಇದ್ದ ಜಾಗಕ್ಕೆ ಸಪ್ತಮಿ, ಹೋಗುವ ಜಾಗಕ್ಕೆ ದ್ವಿತೀಯೆ. ‘ಸಮ್ ವ್ ಲ್ಯುಬ್ಲ್ಯಾನಿ’ ಅಂದರೆ ಲ್ಯುಬ್ಲ್ಯಾನದಲ್ಲಿದ್ದೇನೆ. ‘ಗ್ರೆಮ್ ವ್ ಲ್ಯುಬ್ಲ್ಯಾನೊ’ ಅಂದರೆ ಲ್ಯುಬ್ಲ್ಯಾನಕ್ಕೆ ಹೋಗುತ್ತಿದ್ದೇನೆ. ಮುಂದಿನ ಪದ ಒಂದೇ. ಅರ್ಥ ತೀರ್ಮಾನ ಆಗುವುದು ಕೊನೆಯ ಸ್ವರದಲ್ಲಿ.

ಇದು ಕಷ್ಟ ಅಂತ ಪುಸ್ತಕಗಳು ಹೆದರಿಸುತ್ತವೆ. ನನ್ನ ಪ್ರಕಾರ ಕನ್ನಡದವರಿಗೆ ಇದು ಕಷ್ಟವೇ ಅಲ್ಲ. ನಾವು ಯಾವತ್ತೂ ‘ಎಲ್ಲಿ’ ಮತ್ತು ‘ಎಲ್ಲಿಗೆ’ ಬೇರೆ ಮಾಡಿಯೇ ಮಾತಾಡುವವರು. ಅವರಲ್ಲೂ ಎರಡು ಪ್ರಶ್ನೆ ಬೇರೆ ಬೇರೆ: ‘ಕ್ಯೆ’ ಅಂದರೆ ಎಲ್ಲಿ, ‘ಕಾಮ್’ ಅಂದರೆ ಎಲ್ಲಿಗೆ. ವಾಕ್ಯವನ್ನು ಮೊದಲು ಕನ್ನಡದಲ್ಲಿ ಹೇಳಿಕೊಳ್ಳಿ. ‘ಅಲ್ಲಿ’ ಬಂದರೆ ಸಪ್ತಮಿ, ‘ಗೆ’ ಅಥವಾ ‘ಕ್ಕೆ’ ಬಂದರೆ ದ್ವಿತೀಯೆ. ಪಾರ್ಕಿನಲ್ಲಿ ಓಡುವುದು ಚಲನೆಯೇ ಆದರೂ ಕನ್ನಡದಲ್ಲಿ ‘ಪಾರ್ಕಿನಲ್ಲಿ’ ಅನ್ನುತ್ತೇವೆ, ಅವರೂ ಸಪ್ತಮಿಯಲ್ಲೇ ‘ವ್ ಪಾರ್ಕು’ ಅನ್ನುತ್ತಾರೆ. ಪಾರ್ಕಿಗೆ ಓಡಿದರೆ ಮಾತ್ರ ‘ವ್ ಪಾರ್ಕ್’. ಈ ಪರೀಕ್ಷೆ ವ್ ಮತ್ತು ನಾ ಜೊತೆಗೆ, ಅದೂ ಜಾಗದ ಮಾತಿಗೆ ಮಾತ್ರ. ಸಮಯಕ್ಕೆ ತಗೊಂಡು ಹೋಗಬೇಡಿ.

‘ಪೊ’ನಲ್ಲೂ ಒಂದು ಚಮತ್ಕಾರ ಇದೆ. ‘ಗ್ರೆಮ್ ಪೊ ಕ್ರೂಹ್’ ಅಂದರೆ ಬ್ರೆಡ್ ತರಲು ಹೊರಟಿದ್ದೇನೆ, ಇದು ದ್ವಿತೀಯೆ. ‘ಪೊ ಕ್ರೂಹು’ ಅಂದುಬಿಟ್ಟರೆ ಸಪ್ತಮಿ, ಬ್ರೆಡ್ಡಿನ ಮೇಲೆಲ್ಲ ಓಡಾಡಿದ ಹಾಗೆ. ಅದು ಇರುವೆ ಮಾಡುವ ಕೆಲಸ.

ಕನ್ನಡ ನಾಲಿಗೆಯ ‘ಉ’

ನಮ್ಮವರಿಗೆ ನಿಜವಾದ ಗಂಡಾಂತರ ಇರುವುದು ಇಲ್ಲಿ. ಯಾವ ಪಠ್ಯಪುಸ್ತಕವೂ ಇದನ್ನು ಹೇಳುವುದಿಲ್ಲ, ಯಾಕೆಂದರೆ ಅವು ಕನ್ನಡದವರಿಗಾಗಿ ಬರೆದವಲ್ಲ.

ವ್ಯಂಜನದಲ್ಲಿ ಮುಗಿಯುವ ಪದ ಕಂಡರೆ ಕನ್ನಡದ ನಾಲಿಗೆ ಸುಮ್ನೆ ಇರುವುದಿಲ್ಲ. ಬಸ್ ಬಸ್ಸು ಆಗುತ್ತದೆ, ಕಾರ್ ಕಾರು ಆಗುತ್ತದೆ, ಬ್ಯಾಂಕ್ ಬ್ಯಾಂಕು, ಹೋಟೆಲ್ ಹೋಟೆಲು. ನಮಗೆ ಆ ‘ಉ’ಗೆ ಅರ್ಥ ಏನೂ ಇಲ್ಲ, ಉಚ್ಚಾರಣೆಗೆ ಅನುಕೂಲ ಅಷ್ಟೆ. ಸ್ಲೊವೇನಿಯನ್‌ನಲ್ಲಿ ಅದೇ ‘ಉ’ ವಿಭಕ್ತಿಯ ಬಾಲ.

ಹೊತೇಲ್ ಪದವನ್ನೇ ತಗೊಳ್ಳಿ. ‘ಗ್ರೆಮ್ ವ್ ಹೊತೇಲ್’ ಅಂದರೆ ಹೋಟೆಲಿಗೆ ಹೋಗುತ್ತಿದ್ದೇನೆ. ‘ಸಮ್ ವ್ ಹೊತೇಲು’ ಅಂದರೆ ಹೋಟೆಲಿನಲ್ಲಿದ್ದೇನೆ. ಪುಲ್ಲಿಂಗದ ವಸ್ತುಗಳಲ್ಲಿ ‘ಗೆ’ಗೂ ‘ಅಲ್ಲಿ’ಗೂ ಇರುವ ವ್ಯತ್ಯಾಸ ಆ ಒಂದು ‘ಉ’ ಮಾತ್ರ. ನಾವು ಅಭ್ಯಾಸಬಲದಿಂದ ‘ಗ್ರೆಮ್ ವ್ ಹೊತೇಲು’ ಅಂದರೆ, ಕೇಳುವವರಿಗೆ ‘ಹೋಟೆಲಿನಲ್ಲಿ ಹೋಗುತ್ತೇನೆ’ ಅಂದ ಹಾಗೆ ಕೇಳುತ್ತದೆ. ‘ಹೋಟೆಲು ಚೆನ್ನಾಗಿದೆ’ ಅನ್ನೋಕೆ ‘ಹೊತೇಲು ಯೆ ಲೇಪ್’ ಅಂದರೂ ಅಷ್ಟೇ ಎಡವಟ್ಟು. ಅಲ್ಲಿ ‘ಹೊತೇಲ್’ ಅಂತ ‘ಲ್’ನಲ್ಲೇ ನಿಲ್ಲಿಸಬೇಕು.

ಹಾಗಾಗಿ ಕನ್ನಡದವರು ಎರಡು ಅಭ್ಯಾಸ ಮಾಡಬೇಕು. ಬಾಲ ಬೇಕಾದಲ್ಲಿ ಹಾಕುವುದು ಒಂದು. ಬೇಡದ ಕಡೆ ಬಾಯಿ ಮುಚ್ಚಿಕೊಳ್ಳುವುದು ಇನ್ನೊಂದು, ಅದೇ ಹೆಚ್ಚು ಕಷ್ಟ. ಜೋಡಿಗಳನ್ನು ಗಟ್ಟಿಯಾಗಿ ಹೇಳಿ ನೋಡಿ. ವ್ ಪಾರ್ಕ್, ವ್ ಪಾರ್ಕು. ನಾ ವ್ಲಾಕ್, ನಾ ವ್ಲಾಕು. ವ್ಲಾಕ್ ಅಂದರೆ ರೈಲು. ಮೊದಲನೆಯದು ಹತ್ತುವಾಗ, ಎರಡನೆಯದು ಹತ್ತಿ ಕೂತಾದ ಮೇಲೆ.

ವ್ ಅಥವಾ ನಾ?

ಬಾಲ ಕಲಿತವರೂ ವರ್ಷಗಟ್ಟಲೆ ತಡವರಿಸುವುದು ಇಲ್ಲಿ. ಒಳಗಿದ್ದರೆ ವ್, ಮೇಲಿದ್ದರೆ ನಾ ಅನ್ನೋ ನಿಯಮ ಮೇಜು, ಪೆಟ್ಟಿಗೆಗಳಿಗೆ ಸರಿ. ಊರು, ದೇಶ, ಕಚೇರಿಗಳಿಗೆ ಬಂದರೆ ರೂಢಿಯೇ ರಾಜ.

ಹೆಚ್ಚಿನ ಊರುಗಳಿಗೆ ವ್. ಆದರೆ ನಾ ಬ್ಲೇಡು, ನಾ ಪ್ತೂಯು, ನಾ ಯೆಸೆನೀತ್ಸಹ್. ವಿಯೆನ್ನಾಕ್ಕೆ ಅವರು ದೂನಯ್ ಅನ್ನುತ್ತಾರೆ, ಅದೂ ನಾ ದೂನಯು. ದೇಶಗಳಲ್ಲಿ ಸ್ವಲ್ಪ ಸುಳಿವು ಇದೆ. ‘ಇಯ’ ಅಂತ ಮುಗಿದರೆ ವ್: ವ್ ಇಂದಿಯಿ, ವ್ ಇತಾಲಿಯಿ. ‘ಸ್ಕ’ ಅಥವಾ ‘ಶ್ಕ’ ಅಂತ ಮುಗಿಯುವ ಹೆಸರು ಮೂಲದಲ್ಲಿ ವಿಶೇಷಣ, ಅದಕ್ಕೆ ನಾ. ಬಾಲವೂ ವಿಶೇಷಣದ್ದೇ, ‘ಎಮ್’. ಕ್ರೊಯೇಷಿಯಾದಲ್ಲಿ ಅನ್ನೋಕೆ ನಾ ಹರ್ವಾಶ್ಕೆಮ್, ಜಪಾನಿನಲ್ಲಿ ಅನ್ನೋಕೆ ನಾ ಯಪೋನ್ಸ್ಕೆಮ್. ನಾ ಹರ್ವಾಶ್ಕಿ ಅಂತಲೂ ಕೇಳಿಬರುತ್ತದೆ, ಗಾಬರಿ ಬೇಡ.

ಶಾಲೆಗೆ ವ್, ಆದರೆ ಕಾಲೇಜು ನಾ ಫಕುಲ್ತೇತಿ. ಆಸ್ಪತ್ರೆಗೆ ವ್, ಆದರೆ ಅಂಚೆ ಕಚೇರಿ ನಾ ಪೋಶ್ತಿ, ನಿಲ್ದಾಣ ನಾ ಪೊಸ್ತಾಯಿ. ಕಾರಣ ಹುಡುಕೋಕೆ ಹೊರಟರೆ ತಲೆ ಕೆಡುತ್ತದೆ. ಕೆಲವು ಕಡೆ ಮಾತ್ರ ಅರ್ಥದ ವ್ಯತ್ಯಾಸ ಸ್ಪಷ್ಟ ಇದೆ. ‘ವ್ ಮೋರ್ಯು’ ಅಂದರೆ ಸಮುದ್ರದ ನೀರಿನಲ್ಲಿದ್ದೀರಿ. ‘ನಾ ಮೋರ್ಯು’ ಅಂದರೆ ಕರಾವಳಿಗೆ ರಜಾ ಕಳೆಯಲು ಬಂದಿದ್ದೀರಿ, ಮೈ ಒದ್ದೆಯಾಗಿರಲೇಬೇಕು ಅಂತಿಲ್ಲ. ಸ್ಲೊವೇನಿಯಾದ ಕಡಲತೀರ 47 ಕಿಲೋಮೀಟರಿನಷ್ಟೇ ಇದ್ದರೂ ಬೇಸಿಗೆಯಲ್ಲಿ ಈ ‘ನಾ ಮೋರ್ಯು’ ಕಿವಿಗೆ ಬೀಳುತ್ತಲೇ ಇರುತ್ತದೆ.

ತಪ್ಪು ಪದ ಕಲಿತರೆ ಮೂರು ಕಡೆ ತಪ್ಪುತ್ತೀರಿ, ಅದಕ್ಕೇ ಇಷ್ಟು ಹೇಳುತ್ತಿದ್ದೇನೆ. ಹೋಗುವಾಗ ‘ವ್’ ಅಂದರೆ ಬರುವಾಗ ‘ಇಜ್’. ಹೋಗುವಾಗ ‘ನಾ’ ಅಂದರೆ ಬರುವಾಗ ‘ಸ್’ ಅಥವಾ ‘ಜ್’. ಬ್ಲೆಡ್‌ಗೆ ನಾ ಬ್ಲೇಡ್, ಬ್ಲೆಡ್‌ನಲ್ಲಿ ನಾ ಬ್ಲೇಡು, ಬ್ಲೆಡ್‌ನಿಂದ ಜ್ ಬ್ಲೇಡ. ಹೊಸ ಜಾಗದ ಹೆಸರು ಸಿಕ್ಕಾಗ ಈ ಮೂರನ್ನೂ ಒಟ್ಟಿಗೆ ಬರೆದುಕೊಳ್ಳಿ. ಹೆಸರನ್ನು ಒಂಟಿಯಾಗಿ ಕಲಿಯಲೇಬೇಡಿ.

‘ಮನೆಯಲ್ಲಿ’ ಅನ್ನೋದಕ್ಕೆ ಬೇರೆಯೇ ಪದ ಇದೆ. ಸ್ವಂತ ಮನೆಯಲ್ಲಿದ್ದರೆ ‘ಸಮ್ ದೋಮ’, ವ್ ಬೇಡ, ನಾ ಬೇಡ. ಮನೆಗೆ ಹೊರಟರೆ ‘ಗ್ರೆಮ್ ದೊಮೋವ್’. ‘ವ್ ದೋಮು’ ಅಂದರೆ ಹಾಸ್ಟೆಲು ಅಥವಾ ವೃದ್ಧಾಶ್ರಮದ ಥರದ ಜಾಗ.

ಡಾಕ್ಟರ ಹತ್ತಿರ

ಮನುಷ್ಯರ ವಿಷಯಕ್ಕೆ ಬಂದರೆ ಕನ್ನಡ ಸ್ವಲ್ಪ ಮೋಸ ಮಾಡುತ್ತದೆ. ‘ಡಾಕ್ಟರ ಹತ್ತಿರ ಹೋಗ್ತೀನಿ’, ‘ಡಾಕ್ಟರ ಹತ್ತಿರ ಇದ್ದೀನಿ’, ಎರಡಕ್ಕೂ ನಮಗೆ ‘ಹತ್ತಿರ’ವೇ. ಅವರಲ್ಲಿ ಇದ್ದರೆ ‘ಪ್ರಿ ಜ್ದ್ರಾವ್ನಿಕು’, ಹೋದರೆ ‘ಕ್ ಜ್ದ್ರಾವ್ನಿಕು’. ಇಲ್ಲಿ ಬಾಲ ಒಂದೇ, ಮುಂದಿನ ಪದ ಬೇರೆ. ಎರಡನೆಯದು ಚತುರ್ಥಿ. ಏಕವಚನದಲ್ಲಿ ಚತುರ್ಥಿ, ಸಪ್ತಮಿ ಎರಡರ ನಾಮಪದವೂ ಒಂದೇ ಥರ ಕಾಣುತ್ತದೆ. ವಿಶೇಷಣ ಬಂದಾಗ ಗುಟ್ಟು ರಟ್ಟಾಗುತ್ತದೆ. ಒಳ್ಳೇ ಡಾಕ್ಟರ ಹತ್ತಿರ ಇದ್ದರೆ ‘ಪ್ರಿ ದೋಬ್ರೆಮ್’, ಒಳ್ಳೇ ಡಾಕ್ಟರ ಹತ್ತಿರ ಹೋದರೆ ‘ಕ್ ದೋಬ್ರೆಮು’.

ಸರ್ವನಾಮಗಳಲ್ಲಿ ಪ್ರಿ ಮೇನಿ ಅಂದರೆ ನನ್ನ ಹತ್ತಿರ, ಪ್ರಿ ತೇಬಿ ಅಂದರೆ ನಿನ್ನ ಹತ್ತಿರ. ಅವನ ಹತ್ತಿರ ಅನ್ನೋದು ಪ್ರಿ ನ್ಯೆಮ್. ಕನ್ನಡಕ್ಕೆ ಅಚ್ಚುಕಟ್ಟಾಗಿ ಹೊಂದುವುದು ‘ಪ್ರಿ ನಾಸ್’. ಊರಿಂದ ಊರಿಗೆ ಹೋದವರು ಮಾತಿಗೊಮ್ಮೆ ‘ನಮ್ಮಲ್ಲಿ ಹೀಗಲ್ಲ’ ಅನ್ನುವುದಿಲ್ಲವೇ, ಆ ‘ನಮ್ಮಲ್ಲಿ’ಯೇ ಇದು. ‘ಪ್ರಿ ನಾಸ್ ಯೆ ತೊ ದ್ರುಗಾಚೆ’ ಅಂದರೆ ನಮ್ಮಲ್ಲಿ ಇದು ಬೇರೆ ಥರ. ಅಲ್ಲಿಗೆ ಹೋದ ಕನ್ನಡಿಗರಿಗೆ ದಿನಕ್ಕೆ ಹತ್ತು ಸಲವಾದರೂ ಬೇಕಾಗುವ ವಾಕ್ಯ.

ಗಂಟೆ, ವಾರ

ಸಮಯಕ್ಕೆ ‘ಒಬ್’ ಬರುತ್ತದೆ. ಎರಡು ಗಂಟೆಗೆ ಒಬ್ ದ್ವೇಹ್, ಮೂರಕ್ಕೆ ಒಬ್ ತ್ರೇಹ್. ನಾಲ್ಕರಿಂದ ಮುಂದೆ ಎಲ್ಲ ‘ಇಹ್’: ಒಬ್ ಪೇತಿಹ್, ಒಬ್ ಶೇಸ್ತಿಹ್, ಹನ್ನೆರಡರ ತನಕ ಹೀಗೇ. ಅರ್ಧ ಗಂಟೆಯ ಲೆಕ್ಕದಲ್ಲಿ ಹುಷಾರು. ‘ಒಬ್ ಪೋಲ್ ಓಸ್ಮಿಹ್’ ಅನ್ನುವಾಗ ಎಂಟು ಅನ್ನೋ ಪದ ಕೇಳುತ್ತದೆ, ಆದರೆ ಅದು ಏಳೂವರೆ. ಎಂಟರ ಕಡೆಗೆ ಅರ್ಧ ದಾರಿ ಆಗಿದೆ ಅನ್ನೋ ಲೆಕ್ಕ. ಎಂಟೂವರೆ ಅಂದುಕೊಂಡು ಹೋದರೆ ರೈಲು ಹೋಗಿ ಒಂದು ಗಂಟೆ ಆಗಿರುತ್ತದೆ.

ವಾರಗಳ ವಿಷಯ ಬೇರೆ. ಈ ಶನಿವಾರ ಅಂತ ಒಂದೇ ಶನಿವಾರದ ಮಾತಾದರೆ ‘ವ್ ಸೊಬೋತೊ’, ದ್ವಿತೀಯೆ. ಪ್ರತಿ ಶನಿವಾರ ಅಂದರೆ ‘ಒಬ್ ಸೊಬೋತಹ್’, ಸಪ್ತಮಿ ಬಹುವಚನ. ಸ್ಲೊವೇನಿಯಾದಲ್ಲಿ ಭಾನುವಾರ ಹೆಚ್ಚಿನ ಅಂಗಡಿಗಳು ಮುಚ್ಚಿರುತ್ತವೆ. ಬಾಗಿಲ ಮೇಲೆ ‘ಒಬ್ ನೆದೇಲ್ಯಹ್ ಜಪರ್ತೊ’ ಅಂತ ಇದ್ದರೆ ಯಾವ ಭಾನುವಾರವೂ ತೆಗೆಯುವುದಿಲ್ಲ ಅಂತ. ಆ ‘ಅಹ್’ ಓದಲು ಬಂದರೆ ಹಾಲಿಗೆ ಶನಿವಾರವೇ ಹೋಗುತ್ತೀರಿ.

ಕೈಗೆ, ಕಿವಿಗೆ

ಈಗ ಒಂದು ಮೆಸೇಜು ಬಂತು ಅಂದುಕೊಳ್ಳಿ: ‘ದೊಬೀವ ಸೆ ನಾ ಪ್ರೆಶೇರ್ನೊವೆಮ್ ತರ್ಗು ಒಬ್ ಪೇತಿಹ್.’ ಲ್ಯುಬ್ಲ್ಯಾನದ ನಡುವೆ ಕವಿ ಫ್ರಾನ್ತ್ಸೆ ಪ್ರೆಶೇರೆನ್ ಹೆಸರಿನ ಚೌಕ ಇದೆ, ಅವರ ಪ್ರತಿಮೆಯೂ ಇದೆ. ಊರಿನವರು ಒಬ್ಬರನ್ನೊಬ್ಬರು ಭೇಟಿಯಾಗಲು ಹೇಳುವ ಮಾಮೂಲಿ ಜಾಗ. ಚೌಕಕ್ಕೆ ತರ್ಗ್, ಪುಲ್ಲಿಂಗ, ಹಾಗಾಗಿ ತರ್ಗು. ಪ್ರೆಶೇರ್ನೊವ್ ಅನ್ನೋದು ವಿಶೇಷಣ, ‘ಎಮ್’ ಬಂತು. ಪೇತಿಹ್‌ನಲ್ಲಿ ‘ಇಹ್’ ಇದೆ. ‘ದೊಬೀವ ಸೆ’ ಕ್ರಿಯಾಪದದ ದ್ವಿವಚನ, ಅಂದರೆ ನಾವಿಬ್ಬರೇ. ಮೂರನೆಯವರನ್ನು ಕರೆದುಕೊಂಡು ಹೋಗಬೇಡಿ ಅಂತ ವ್ಯಾಕರಣವೇ ಹೇಳಿಬಿಟ್ಟಿತು.

ಯಾವುದಾದರೂ ಪದದ ರೂಪ ಅನುಮಾನ ಬಂದರೆ ‘ಸ್ಲೋಲೆಕ್ಸ್’ ಅನ್ನೋ ಉಚಿತ ಪದರೂಪ ಕೋಶದಲ್ಲಿ ನೋಡಬಹುದು. ಪದ ಹಾಕಿದರೆ ಎಲ್ಲ ವಿಭಕ್ತಿ, ಎಲ್ಲ ವಚನ ಬಂದುಬಿಡುತ್ತದೆ. ‘ಫ್ರಾನ್’ ಜಾಲತಾಣದಲ್ಲಿ ದೊಡ್ಡ ನಿಘಂಟುಗಳಿವೆ. ಮೊದಲಿನಿಂದ ಕಲಿಯುವವರಿಗೆ ಲ್ಯುಬ್ಲ್ಯಾನ ವಿಶ್ವವಿದ್ಯಾಲಯದ ‘ಸ್ಲೋನ್‌ಲೈನ್’ ಅನ್ನೋ ಉಚಿತ ಆನ್‌ಲೈನ್ ಕೋರ್ಸು ಸಿಗುತ್ತದೆ. ಆದರೆ ಕೋಷ್ಟಕ ನೋಡಿ ಕಲಿತದ್ದು ಬಾಯಿಗೆ ಬೇಗ ಬರುವುದಿಲ್ಲ. ನಿಮ್ಮ ಬೀದಿ, ನಿಮ್ಮ ಅಂಗಡಿ, ನಿಮ್ಮ ಬಸ್ ನಿಲ್ದಾಣ, ಇಷ್ಟನ್ನು ಮುಂದಿನ ಪದದ ಸಮೇತ ಮೊದಲು ಕಲಿಯಿರಿ. ‘ಎಲ್ಲಿದ್ದೀಯ?’ ಅಂತ ಯಾರೋ ಫೋನಿನಲ್ಲಿ ಕೇಳಿದಾಗ ಬರಬೇಕಾದದ್ದು ಅವೇ.

ಕೊನೆಗೆ ಕಿವಿಯ ವಿಷಯ. ಇಷ್ಟೆಲ್ಲ ಬಾಲ ಕಲಿತು ಲ್ಯುಬ್ಲ್ಯಾನದಲ್ಲಿ ಇಳಿದರೆ ಅಲ್ಲಿನವರೇ ಅದನ್ನು ನುಂಗಿಬಿಡುತ್ತಾರೆ. ಊರಿನ ಆಡುಮಾತಿನಲ್ಲಿ ‘ವ್ ಲ್ಯುಬ್ಲ್ಯಾನಿ’ ಹೋಗಿ ‘ಉ ಲುಬ್ಲಾನ್’ ಆಗಿರುತ್ತದೆ. ‘ಇ’ ಎಲ್ಲಿ ಹೋಯಿತು ಅಂತ ಹುಡುಕಬೇಡಿ. ಅದೇ ಜನ ಊರಿಗೆ ಹೊರಟಾಗ ‘ಉ ಲುಬ್ಲಾನೊ’ ಅನ್ನುತ್ತಾರೆ, ಆ ‘ಒ’ ಮಾತ್ರ ಉದುರುವುದಿಲ್ಲ. ಹಾಗಾಗಿ ಕೊನೆಗೆ ‘ಒ’ ಕೇಳಿದರೆ ಹೊರಟಿದ್ದಾರೆ, ಏನೂ ಕೇಳದಿದ್ದರೆ ಅಲ್ಲೇ ಇದ್ದಾರೆ.